ಮಂಚದ ಬದಿಯವರು

ಬೆಂಗಳೂರಿನ ಮಡಿವಾಳದ ಸಮೀಪದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಅದು 1975ರಲ್ಲಿ ಆರಂಭವಾಯಿತು. ಹೊಸೂರು ರಸ್ತೆಯಲ್ಲಿ ನಗರದ ಕಡೆಗೆ ಸಾಗಿದರೆ ನಿಮ್ಹಾನ್ಸ್ ಸಿಗುತ್ತದೆ. ಇಂತಹ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ಮಂಚದ ಬದಿಯಲ್ಲಿ ಮನೆಯವರೊಬ್ಬರು ಕುಳಿತಿರುವುದು ನಾವೆಲ್ಲರೂ ಕಂಡ ದೃಶ್ಯ. ರೋಗಿಯು ನೆನಪು ಕಳೆದುಕೊಂಡ ವೃದ್ಧರಾಗಿದ್ದರೆ, ಹಾಗೆ ಕುಳಿತವರ ಮಾತಿಗೆ ಔಷಧಿಯಷ್ಟೇ ಬೆಲೆಯುಂಟು.

'ಅರವತ್ತಕ್ಕೆ ಅರಳುಮರಳು' ಎಂದು ಗಾದೆ. ಆದರೆ ಡಿಮೆನ್ಶಿಯ ಮುಪ್ಪಿನ ಸಹಜ ಗುಣವಲ್ಲ. ಮಿದುಳಿನ ರೋಗಗಳಿಂದ ಬರುವ ಸ್ಥಿತಿ. ಅದರ ಅತಿ ಸಾಮಾನ್ಯ ಬಗೆಯನ್ನು ಜರ್ಮನಿಯ ವೈದ್ಯರಾದ ಅಲೋಯಿಸ್ ಅಲ್ಝೈಮರ್ 1906ರಲ್ಲಿ ವಿವರಿಸಿದರು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಇಂತಹ ಅಜ್ಜಿಯೊಬ್ಬರು ಬಿದ್ದು, ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರೆನ್ನೋಣ. ಹೊಸ ಜಾಗ, ಹೊಸ ಮುಖಗಳು, ರಾತ್ರಿಯೂ ಆರದ ದೀಪ. ಎರಡನೆಯ ದಿನ ಅವರು ಕೂಗಾಡತೊಡಗುತ್ತಾರೆ. ಇದು ಹಳೆಯ ಮರೆವೇ, ಇಲ್ಲವೆ ಸನ್ನಿಯೇ? ಸೋಂಕು, ನೀರಿನ ಕೊರತೆ, ಕೆಲವು ಔಷಧಿಗಳು ಇವುಗಳಿಂದ ಹಠಾತ್ತನೆ ಬರುವ ಸನ್ನಿಯನ್ನು ಕಾರಣ ತಿಳಿದರೆ ಬಹುಮಟ್ಟಿಗೆ ಇಳಿಸಬಹುದು. ಕಡೆಗಣಿಸಿದರೆ ಪ್ರಾಣಕ್ಕೇ ಅಪಾಯ. ನುರಿತ ದಾದಿ ಆಗ ಮಗಳನ್ನು ಕೇಳುತ್ತಾರೆ: "ಅಮ್ಮ ಹೋದ ವಾರ ಹೇಗಿದ್ದರು?" ಈ ಪ್ರಶ್ನೆಗೆ ಯಾವ ಯಂತ್ರದಲ್ಲಿಯೂ ಉತ್ತರವಿಲ್ಲ.

ಮಡಿವಾಳದ ಸುತ್ತ ಕನ್ನಡ, ತೆಲುಗು, ತಮಿಳು ಮನೆಮಾತಿನವರು ಒಟ್ಟಿಗೆ ಬಾಳುತ್ತಾರೆ; ಬೆಂಗಳೂರಿನ ದಾದಿಯರಲ್ಲಿ ಅನೇಕರು ಕೇರಳದವರು. ಮರೆವು ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿ ಉಳಿಯುವುದುಂಟು. ಆದ್ದರಿಂದ 'ನೀರು', 'ನೋವು', 'ಬಚ್ಚಲು' ಇವಕ್ಕೆ ಆ ಮನೆಯಲ್ಲಿ ಆಡುವ ಮಾತುಗಳನ್ನು ದಾದಿ ಬರೆದುಕೊಳ್ಳುತ್ತಾರೆ. ಯಾವ ಕಿವಿ ಮಂದ, ಯಾವ ಹೆಸರಿಗೆ ಓಗೊಡುತ್ತಾರೆ ಎಂಬುದೂ ಅದೇ ಹಾಳೆಯಲ್ಲಿರಬೇಕು.

ಮನೆಯವರು ಬಳಿಯಲ್ಲಿರುವುದು ಎಲ್ಲ ದೇಶಗಳಲ್ಲೂ ರೂಢಿಯೆಂದು ತಿಳಿಯಬಾರದು. ಬ್ರಿಟನ್ನಿನಲ್ಲಿ ಡಿಮೆನ್ಶಿಯವಿದ್ದ ಜಾನ್ ಗೆರಾರ್ಡ್ ಎಂಬ ವೃದ್ಧರು 2014ರಲ್ಲಿ ಕಾಲಿನ ಹುಣ್ಣಿಗಾಗಿ ಐದು ವಾರ ಆಸ್ಪತ್ರೆಯಲ್ಲಿದ್ದರು. ಮನೆಯವರ ಭೇಟಿಗೆ ನಿರ್ಬಂಧವಿತ್ತು. ನಡೆದು ಹೋದವರು ಸೊರಗಿ ಮರಳಿದರು. ಅದೇ ವರ್ಷ ತೀರಿಕೊಂಡರು. ಅವರ ಮಗಳು, ಕಾದಂಬರಿಕಾರ್ತಿ ನಿಕ್ಕಿ ಗೆರಾರ್ಡ್, ರೋಗಿಯ ಬಳಿಯಿರುವ ಹಕ್ಕಿಗಾಗಿ 'ಜಾನ್ಸ್ ಕ್ಯಾಂಪೇನ್' ಎಂಬ ಚಳವಳಿಯನ್ನೇ ಹೂಡಬೇಕಾಯಿತು. ನಮ್ಮಲ್ಲಿ ಆ ಅವಕಾಶ ಇದ್ದೇ ಇದೆ; ಆದರೆ ಮನೆಯವರನ್ನು ಔಷಧಿ ತರಲು ಮಾತ್ರ ಓಡಿಸಿ, ಏನನ್ನೂ ಕೇಳದೆ ಬಿಡುವುದೂ ಉಂಟು.

ಕೇಳಿದಾಗ ಮಾತ್ರ ಒಳಗಿನ ನೋವು ಹೊರಬರುತ್ತದೆ. "ಅಮ್ಮ ನನ್ನನ್ನೇ ಕಳ್ಳಿ ಅಂತಾರೆ, ಸಿಸ್ಟರ್," ಎಂದು ಮಗಳು ಕಣ್ಣೊರೆಸಿಕೊಳ್ಳುತ್ತಾಳೆ.

"ಅದು ಕಾಯಿಲೆಯ ಮಾತಮ್ಮ, ಅವರದಲ್ಲ. ನೀವು ಹೋಗಿ ಊಟ ಮಾಡಿ ಬನ್ನಿ, ಅಲ್ಲಿಯವರೆಗೆ ನಾನಿರುತ್ತೇನೆ."