ವಾಂತಿ ಆದ ಕೂಡಲೇ ಬ್ರಶ್ ಹಿಡಿಯಬೇಡಿ

ಕಳೆದ ದಸರಾ ರಜೆಯಲ್ಲಿ ನಾವು ನಾಲ್ಕು ಜನ ಬೇಡಕಿಹಾಳದ ಗೆಳೆಯನ ಮನೆಗೆ ಹೋಗಿದ್ವಿ. ಚಿಕ್ಕೋಡಿ ದಾಟಿದ ಮೇಲೆ ನಮ್ಮಲ್ಲಿ ಒಬ್ಬನಿಗೆ ಬಸ್ಸಿನಲ್ಲೇ ಮೂರು ಸಲ ವಾಂತಿ ಆಯ್ತು. ಮನೆ ಮುಟ್ಟಿದ ತಕ್ಷಣ ಅವನು ಬ್ಯಾಗಿನಿಂದ ತೆಗೆದದ್ದು ಟೂತ್‌ಬ್ರಶ್. ಗೆಳೆಯನ ಅಜ್ಜಿ ತಡೆದರು: "ತಮ್ಮಾ, ಮೊದ್ಲ ನೀರಿಲೆ ಬಾಯಿ ಮುಕ್ಕಳಸು. ಹಲ್ಲ ಆಮ್ಯಾಲೆ ತಿಕ್ಕೂವಂತಿ."

ಕಾರಣ ಅವರು ಹೇಳಲಿಲ್ಲ. ವಾಪಸ್ ಬಂದ ಮೇಲೆ ನಾವು ಹುಡುಕಿ ಓದಿದೆವು. ಅಜ್ಜಿ ಹೇಳಿದ್ದೇ ಸರಿ.

ಹೊಟ್ಟೆಯಲ್ಲಿರೋದು ಲ್ಯಾಬಿನಲ್ಲಿ ನಾವು ಪಿಪೆಟ್‌ನಲ್ಲಿ ಹೆದರಿ ಹೆದರಿ ಎಳೆಯುವ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಜಠರರಸ ದಿನಕ್ಕೆ ಸುಮಾರು 2 ಲೀಟರ್ ತಯಾರಾಗುತ್ತೆ. ಹೊಟ್ಟೆ ಖಾಲಿ ಇದ್ದಾಗ ಅದರ ಪಿಎಚ್ 2ರ ಆಸುಪಾಸು. ಹಲ್ಲಿನ ಎನಾಮಲ್ ಕರಗಲು ಶುರುವಾಗೋದು ಪಿಎಚ್ 5.5ಕ್ಕಿಂತ ಕೆಳಗೆ. ವ್ಯತ್ಯಾಸ ಬರೀ 3.5 ಅಂತ ಅನ್ಸಬಹುದು, ಆದರೆ ಪಿಎಚ್ ಲಾಗರಿದಮ್ ಲೆಕ್ಕ. 10ರ ಘಾತ 3.5 ಅಂದ್ರೆ ಆಮ್ಲತೆ ಸುಮಾರು 3000 ಪಟ್ಟು ಜಾಸ್ತಿ! ಎನಾಮಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು ನಿಜ, ಆದರೆ ಅದರಲ್ಲಿ ಜೀವಕೋಶ ಇಲ್ಲ. ಸವೆದು ಹೋದರೆ ಮತ್ತೆ ಬೆಳೆಯಲ್ಲ. ಆಮ್ಲ ತಾಗಿ ಮೆತ್ತಗಾದ ಪದರದ ಮೇಲೆ ತಕ್ಷಣ ಬ್ರಶ್ ಉಜ್ಜಿದರೆ ನಾವೇ ಅದನ್ನು ಕೆರೆದು ಹಾಕಿದ ಹಾಗೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗುಳಿದರೆ ಆಮ್ಲ ತಟಸ್ಥವಾಗುತ್ತೆ. ಸೋಡಾ ಇಲ್ಲದಿದ್ರೆ ಬರೀ ನೀರೂ ಆದೀತು. ಬ್ರಶ್ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು.

ಹಾಗಾದರೆ ಹೊಟ್ಟೆ ಯಾಕೆ ಕರಗಲ್ಲ? ಇದು ಮೆಟೀರಿಯಲ್ ಆಯ್ಕೆಯ ವಿಷಯ. ಹೊಟ್ಟೆಯ ಒಳಗೋಡೆಗೆ ಬೈಕಾರ್ಬನೇಟ್ ಸೇರಿದ ಲೋಳೆಯ ಲೇಪನ ಇದೆ, ಅದರ ಮೇಲ್ಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಹೊಸದಾಗುತ್ತವೆ. ಮೇಲಿನ ಅನ್ನನಾಳಕ್ಕೆ ಆ ಭಾಗ್ಯ ಇಲ್ಲ. ಒಂದೆರಡು ಸಲ ವಾಂತಿಯಾದರೆ ಉರಿ ಬಂದು ಹೋಗುತ್ತೆ. ಪದೇ ಪದೇ ಆದರೆ ಉರಿಯೂತ, ಹುಣ್ಣು. ಜೋರಾಗಿ ಓಕರಿಸುವಾಗ ಒತ್ತಡಕ್ಕೆ ಅನ್ನನಾಳದ ಕೆಳತುದಿಯ ಪದರ ಹರಿದು ರಕ್ತ ಬರೋದೂ ಉಂಟು. 1929ರಲ್ಲಿ ಮ್ಯಾಲರಿ ಮತ್ತು ವೈಸ್ ಎಂಬ ವೈದ್ಯರು ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ವಾಂತಿಯಲ್ಲಿ ರಕ್ತ ಕೆಂಪಾಗೇ ಕಾಣಬೇಕು ಅಂತಿಲ್ಲ. ಆಮ್ಲ ಸೇರಿ ಕಾಫಿ ಪುಡಿಯ ಬಣ್ಣಕ್ಕೂ ತಿರುಗುತ್ತೆ. ಎರಡರಲ್ಲಿ ಯಾವುದು ಕಂಡರೂ ನೇರ ಆಸ್ಪತ್ರೆಗೆ.

ಅಜ್ಜಿಗೆ ಈ ಜ್ಞಾನ ಬಂದದ್ದು ತಂಬಾಕಿನ ಹೊಲದಲ್ಲಿ ಅಂತ ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯ್ತು. ನಿಪ್ಪಾಣಿ ಭಾಗ ಬೀಡಿ ತಂಬಾಕಿಗೆ ಹೆಸರಾದದ್ದು. "ಇಬ್ಬನಿಯೊಳಗ ಕುಡಿ ಮುರಿಯಾಕ ಹೋದ ದಿನ ತಲಿ ತಿರಗತಿತ್ತು, ವಾಂತಿ ಆಗತಿತ್ತು," ಅಂದರು. ಎಲೆಯಲ್ಲಿರುವ ನಿಕೋಟಿನ್ ನೀರಲ್ಲಿ ಕರಗುತ್ತೆ, ಒದ್ದೆ ಕೈಯ ಚರ್ಮದಿಂದ ರಕ್ತಕ್ಕೆ ಇಳಿಯುತ್ತೆ, ಮಿದುಳಿನ ವಾಂತಿಯ ಗುಂಡಿ ಒತ್ತುತ್ತೆ. ವೈದ್ಯರು ಇದನ್ನು ಗ್ರೀನ್ ಟೊಬ್ಯಾಕೋ ಸಿಕ್‌ನೆಸ್ ಅಂತಾರೆ. ಬೀಡಿ ಸೇದದೆಯೇ ನಿಕೋಟಿನ್ ಮೈಗೆ! ಕೈಗವಸು ಹಾಕಿ, ಇಬ್ಬನಿ ಆರಿದ ಮೇಲೆ ಹೊಲಕ್ಕಿಳಿದರೆ ಬಹಳಷ್ಟು ತಪ್ಪುತ್ತೆ.

ವಾಂತಿಯಲ್ಲಿ ಆಮ್ಲ ಹೊರಗೆ ಹೋದಷ್ಟೂ ರಕ್ತ ಕ್ಷಾರೀಯವಾಗುತ್ತೆ. ಅದನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಕಿಡ್ನಿ ಪೊಟ್ಯಾಸಿಯಂ ಕಳೆದುಕೊಳ್ಳುತ್ತೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತೆ. ಬರೀ ನೀರು ಇದನ್ನು ತುಂಬಿಕೊಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಜೊತೆಗೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರೋದು ಅದಕ್ಕೇ. ಗಟಗಟ ಕುಡಿದರೆ ಅದೂ ಹೊರಗೆ ಬರುತ್ತೆ, ಗುಟುಕು ಗುಟುಕಾಗಿ ಕುಡೀಬೇಕು.

ಎಲ್ಲಕ್ಕಿಂತ ಅಪಾಯ ಆಮ್ಲ ಶ್ವಾಸಕೋಶಕ್ಕೆ ಇಳಿಯೋದು. 1946ರಲ್ಲಿ ಅಮೆರಿಕದ ಕರ್ಟಿಸ್ ಮೆಂಡೆಲ್‌ಸನ್, ಹೆರಿಗೆಗೆ ಅರಿವಳಿಕೆ ಕೊಟ್ಟಾಗ ಹೀಗಾದದ್ದನ್ನು ವಿವರಿಸಿ ಬರೆದರು. ಆಪರೇಶನ್‌ಗೆ ಮುಂಚೆ ಉಪವಾಸ ಇರಿಸೋದು ಇದೇ ಭಯಕ್ಕೆ. ಹಾಸ್ಟೆಲಿನಲ್ಲಿ ಪಾರ್ಟಿ ಮುಗಿಸಿ ಬಂದು ಪ್ರಜ್ಞೆ ಇಲ್ಲದೆ ಬಿದ್ದವನನ್ನು ಅಂಗಾತ ಮಲಗಿಸಿ ಲೈಟ್ ಆರಿಸಿ ಹೋಗಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ, 108ಕ್ಕೆ ಫೋನ್ ಮಾಡಿ, ಯಾರಾದರೂ ಪಕ್ಕದಲ್ಲೇ ಇರಿ. ಬೆಳೆಗೆ ಹೊಡೆಯುವ ಔಷಧಿ, ಸೀಮೆಎಣ್ಣೆ, ಆಸಿಡ್ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಮಾಡಬಾರದು. ಇಳಿಯುವಾಗ ಒಮ್ಮೆ ಸುಟ್ಟದ್ದು ಹತ್ತುವಾಗ ಮತ್ತೆ ಸುಡುತ್ತೆ, ಜೊತೆಗೆ ಶ್ವಾಸಕೋಶಕ್ಕೂ ಹೋಗಬಹುದು. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಇನ್ನೊಂದು ವಿಷಯ, ಬರೆಯೋದೋ ಬೇಡವೋ ಅಂತ ನಾವು ತುಂಬಾ ಮಾತಾಡಿದ್ವಿ. ತೂಕದ ಭಯಕ್ಕೆ ಉಂಡದ್ದನ್ನು ಬೇಕಂತಲೇ ವಾಂತಿ ಮಾಡುವ ಹುಡುಗ ಹುಡುಗಿಯರು ನಮ್ಮ ವಯಸ್ಸಿನಲ್ಲೇ ಜಾಸ್ತಿ. ಮೇಲೆ ಹೇಳಿದ ಹಲ್ಲು, ಅನ್ನನಾಳ, ಪೊಟ್ಯಾಸಿಯಂ ಕಥೆಯೆಲ್ಲ ಅವರಲ್ಲಿ ಸದ್ದಿಲ್ಲದೆ ನಡೀತಿರುತ್ತೆ. ಅದು ಕಾಯಿಲೆ, ಹಟ ಅಲ್ಲ. ಅದಕ್ಕೆ ಚಿಕಿತ್ಸೆಯೂ ಇದೆ. ರೂಮ್‌ಮೇಟ್ ದಿನಾ ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗ್ತಿದ್ರೆ ಗೇಲಿ ಮಾಡಬೇಡಿ, ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. ಟೆಲಿ ಮಾನಸ್ ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.