ಬಾಡಿ ಬದಲಿಸುವ ಮೊದಲು ರಂಗಸ್ಥಳದ ಬೆಳಕು ನೋಡು

ತಮ್ಮಾ,

"ನಿಕಾನ್ ಡಿ5300 ಮಾರಿ ಡಿ750 ತಗೊಳ್ಳಲಾ ಮಾವ?" ಎಂದು ನೀನು ಕೇಳಿದಾಗ ಕೂಡಲೇ ಉತ್ತರ ಕೊಡಲಿಲ್ಲ. ಕಳಿಸಿದ್ದ ಯಕ್ಷಗಾನ ಬಯಲಾಟದ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಒಂದೊಂದಾಗಿ ನೋಡಬೇಕಿತ್ತು. ನೋಡಿ ಮುಗಿಯಿತು. ಈಗ ಬಾಡಿ ಬದಲಿಸಬೇಡ, ಮೊದಲು ಲೆನ್ಸ್ ಕೊಳ್ಳು. ಆಮೇಲೂ ಬಾಡಿ ಬೇಕೇ ಬೇಕು ಅನ್ನಿಸಿದರೆ ಅದು ಡಿ750 ಆಗಬೇಕಿಲ್ಲ. ಕಾರಣ ಬರೆಯುತ್ತೇನೆ. ನಿನ್ನ ಹಾಗೆ ಬೆಳಗಿನವರೆಗೂ ಮೇಳದ ಎದುರು ಕ್ಯಾಮೆರಾ ಹಿಡಿದು ಕೂರುವ ಗೆಳೆಯರಿಗೂ ಇದನ್ನು ಓದಿಸು.

ಚಿತ್ರ ಚೆನ್ನಾಗಿ ಬರುತ್ತಿಲ್ಲ ಎನ್ನುವಷ್ಟಕ್ಕೇ ಕ್ಯಾಮೆರಾ ಬದಲಿಸಬಾರದು. ಏನು ಕೆಡುತ್ತಿದೆ ಎಂದು ಬೆರಳಿಟ್ಟು ತೋರಿಸುವಂತಿರಬೇಕು. ನಿನ್ನ ಚಿತ್ರಗಳಲ್ಲಿ ಮುಖದ ಬಣ್ಣಗಾರಿಕೆಯ ಮೇಲೆ ಮರಳು ಚೆಲ್ಲಿದಂತೆ ನಾಯ್ಸ್ ಇದೆ. ಮಂಡಿ ಕುಣಿತದಲ್ಲಿ ವೇಷ ಮಸುಕಾಗಿದೆ. ಒಂದೇ ಓಟದಲ್ಲಿ ತೆಗೆದ ಫ್ರೇಮುಗಳಲ್ಲೂ ಒಂದು ಕಪ್ಪಗೆ, ಇನ್ನೊಂದು ಹಳದಿಗೆ ತಿರುಗಿದೆ. ಈ ತೊಂದರೆಗಳ ಮೂಲ ಬೇರೆ ಬೇರೆ, ಮದ್ದೂ ಬೇರೆ.

ನಾಯ್ಸ್‌ನ ಲೆಕ್ಕ ಮೊದಲು ಹಾಕೋಣ. ನಿನ್ನ ಕಿಟ್ ಲೆನ್ಸ್ 55 ಮಿಮೀ ತುದಿಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಹಾಗಾಗಿ ಸೆಕೆಂಡಿನ 1/125ನೇ ಭಾಗದ ಶಟರ್ ವೇಗಕ್ಕೂ ಐಎಸ್‌ಒ 12800ಕ್ಕೆ ಹೋಗಿದ್ದೀಯ. ಡಿ5300ರ ಸಹಜ ಮಿತಿಯೇ ಅಷ್ಟು. ಡಿ750ರ ಫುಲ್ ಫ್ರೇಮ್ ಸೆನ್ಸರಿನ ವಿಸ್ತಾರ ನಿನ್ನದಕ್ಕಿಂತ ಎರಡು ಪಟ್ಟಿಗೂ ತುಸು ಹೆಚ್ಚು. ಅದರಿಂದ ಸಿಗುವ ಲಾಭ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, ಮೇಲೆ ಸ್ವಲ್ಪ. ಅದೇ ಎಫ್ 1.8ರವರೆಗೆ ತೆರೆಯುವ ಲೆನ್ಸ್ ಹಾಕಿದರೆ ಈಗಿರುವ ಬಾಡಿಗೇ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. 12800 ಬೇಕಿದ್ದ ಕಡೆ 1250 ಸಾಕಾಗುತ್ತದೆ. ಯಾವ ಹೊಸ ಬಾಡಿಯೂ ಇಷ್ಟು ದೊಡ್ಡ ಜಿಗಿತ ಕೊಡಲಾರದು.

ನಿನಗೆ ಒಪ್ಪುವುದು 85 ಮಿಮೀ ಎಫ್ 1.8. ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಕೂತರೆ ಕಿರೀಟದಿಂದ ಎದೆಪದಕದವರೆಗೆ ಫ್ರೇಮು ತುಂಬುತ್ತದೆ. ದುಡ್ಡು ಸಾಲದಿದ್ದರೆ 50 ಮಿಮೀ ಎಫ್ 1.8 ತೆಗೆದುಕೋ. ಆದರೆ ಅಂಗಡಿಯಲ್ಲಿ ಒಂದು ಅಕ್ಷರ ಗಮನಿಸು. ಹೆಸರಿನ ಕೊನೆಗೆ 'ಡಿ' ಇರುವ ಹಳೆಯ 50, 85 ಲೆನ್ಸುಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ನಿನ್ನ ಬಾಡಿಯಲ್ಲೂ ಇಲ್ಲ. ಎರಡೂ ಸೇರಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು, ಕುಣಿತದ ಮಧ್ಯೆ ಅದು ಆಗುವ ಮಾತಲ್ಲ. 'ಎಎಫ್-ಎಸ್' ಎಂದು ಬರೆದಿರುವುದನ್ನೇ ಕೇಳಿ ತಗೋ. ಪೂರ್ತಿ ತೆರೆದ ಅಪರ್ಚರಿನಲ್ಲಿ ಫೋಕಸಿನ ಆಳ ಕಡಿಮೆ ಎಂಬ ಹೆದರಿಕೆ ಬೇಡ. ಎಂಟು ಮೀಟರ್ ದೂರದಿಂದ 85ರಲ್ಲಿ ಅರ್ಧ ಮೀಟರಿಗೂ ಹೆಚ್ಚು ಆಳ ಸಿಗುತ್ತದೆ, ಮೂಗಿನಿಂದ ಕಿರೀಟದವರೆಗೆ ಸಾಕು. ಚೌಕಿಯೊಳಗೆ ಮೂರು ಮೀಟರಿನಿಂದ ತೆಗೆದರೆ ಮಾತ್ರ ಅದು ಒಂದು ಗೇಣಿಗೂ ಕಡಿಮೆ. ಅಲ್ಲಿ ಎಫ್ 2.8, ಎಫ್ 4ಕ್ಕೆ ಹೋಗು. ಬಣ್ಣ ಬರೆದುಕೊಳ್ಳುವವರು ಕನ್ನಡಿಯ ಮುಂದೆ ಕದಲದೆ ಕೂತಿರುತ್ತಾರೆ, ಶಟರ್ ನಿಧಾನವಾದರೂ ನಡೆಯುತ್ತದೆ.

ಇನ್ನು ಮಸುಕು. ಮಂಡಿ ಕುಣಿತಕ್ಕೆ 1/125 ಏನೇನೂ ಸಾಲದು, 1/500 ಆದರೂ ಬೇಕು. ಅದಕ್ಕೆ ಎರಡು ಸ್ಟಾಪ್ ಬೆಳಕು ಹೆಚ್ಚು ಬೇಕಾಗುತ್ತದೆ. ಹೊಸ ಲೆನ್ಸಿನಲ್ಲಿ ಐಎಸ್‌ಒ 5000ಕ್ಕೆ ಅದು ಸಿಗುತ್ತದೆ. ಈಗ ನೀನು ಬಳಸುವುದಕ್ಕಿಂತ ಅದು ಎಷ್ಟೋ ಕಡಿಮೆ. ಜೊತೆಗೆ ಎಕ್ಸ್‌ಪೋಷರನ್ನು ಮ್ಯಾನ್ಯುಯಲ್‌ಗೆ ಹಾಕಿಬಿಡು. ಹಿಂದೆ ಕಪ್ಪು ಪರದೆ, ಮುಂದೆ ಹೊಳೆಯುವ ಭುಜಕೀರ್ತಿ, ಇಂಥಲ್ಲಿ ಕ್ಯಾಮೆರಾದ ಮೀಟರ್ ತಪ್ಪುತ್ತಲೇ ಇರುತ್ತದೆ. ಒಡ್ಡೋಲಗದ ಹೊತ್ತಿಗೆ ಒಮ್ಮೆ ಸರಿಮಾಡಿಕೊಂಡರೆ ದೀಪ ಬದಲಾಗುವವರೆಗೂ ಮುಟ್ಟಬೇಕಿಲ್ಲ. ರಾ ಫೈಲಿನಲ್ಲೇ ತೆಗೆ. ಜೆಪೆಗ್‌ನಲ್ಲಿ ಹಾಳಾದ ಕೆಂಪು ಆಮೇಲೆ ಹಿಂದಿರುಗುವುದಿಲ್ಲ.

ಆದರೆ ಲೆನ್ಸ್ ಎಲ್ಲವನ್ನೂ ಬಗೆಹರಿಸದು. ಒಂದು ಫ್ರೇಮು ಕಪ್ಪು, ಒಂದು ಹಳದಿ ಎಂದೆನಲ್ಲ, ಅದು ದೀಪದ ಮಿಣುಕು. ನಮ್ಮ ಕರೆಂಟು 50 ಹರ್ಟ್ಜ್‌ನದ್ದು, ಟ್ಯೂಬ್‌ಲೈಟೂ ಅನೇಕ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಶಟರ್ 1/100 ಅಥವಾ 1/50 ಇದ್ದಾಗ ಒಂದೋ ಎರಡೋ ಪೂರ್ತಿ ಏರಿಳಿತ ಒಳಗೆ ಸೇರುವುದರಿಂದ ಬಣ್ಣ ಸಮನಾಗಿ ಬರುತ್ತದೆ. 1/500ಕ್ಕೆ ಹೋದೆಯೋ, ದೀಪ ಏರಿದಾಗ ಒಂದು ಬಣ್ಣ, ಇಳಿದಾಗ ಇನ್ನೊಂದು. ಹಿಂದೆ ದೊಂದಿಯ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಟವಾಡುತ್ತಿದ್ದ ಕಾಲಕ್ಕೆ ಈ ತೊಂದರೆ ಇರಲಿಲ್ಲ. ಬೆಳಕು ಕಡಿಮೆ ಎಂಬುದೊಂದೇ ಆಗಿನ ಕಷ್ಟ.

ಹೊಸ ಬಾಡಿ ನಿಜವಾಗಿ ಉಪಕಾರಕ್ಕೆ ಬರುವುದು ಇಲ್ಲಿ. 2016ರ ಡಿ500, 2017ರ ಡಿ7500 ಮತ್ತು ಡಿ850, ಇವುಗಳಲ್ಲಿ ಸ್ಥಿರಚಿತ್ರಕ್ಕೂ ಫ್ಲಿಕರ್ ರಿಡಕ್ಷನ್ ಇದೆ. ದೀಪದ ಏರಿಳಿತವನ್ನು ಅಳೆದು, ಬೆಳಕು ಮೇಲಿರುವ ಗಳಿಗೆಗೆ ಕಾದು ಶಟರ್ ಬಿಡುತ್ತದೆ. ಆ ಕಾಯುವಿಕೆಯಿಂದ ಫ್ರೇಮುಗಳ ಓಟ ತುಸು ನಿಧಾನವಾಗುತ್ತದೆ, ಆದರೆ ಬಣ್ಣ ಕೆಡುವುದಿಲ್ಲ. ಕೆಲವು ಎಲ್‌ಇಡಿಗಳು ಬೇರೆಯೇ ಲೆಕ್ಕದಲ್ಲಿ ಮಿಣುಕುತ್ತವೆ, ಅವಕ್ಕೆ ಇದೂ ಉಪಾಯವಲ್ಲ. ನೀನು ಆಸೆಪಟ್ಟ ಡಿ750 ಬಂದದ್ದು 2014ರಲ್ಲಿ. ಅದರಲ್ಲಿ ಈ ಸೌಲಭ್ಯವೇ ಇಲ್ಲ. ದೊಡ್ಡ ಸೆನ್ಸರ್ ಎಂದು ಅದನ್ನು ಕೊಂಡರೆ ನಿನ್ನ ಮೂರನೆಯ ತೊಂದರೆ ಹಾಗೇ ಉಳಿಯುತ್ತದೆ. ಅದಲ್ಲದೆ ನಿನ್ನ 18–55 ಕಿಟ್ ಲೆನ್ಸ್ ಸಣ್ಣ ಸೆನ್ಸರಿಗೆ ಮಾಡಿದ್ದು. ಡಿ750ಕ್ಕೆ ಹಾಕಿದರೆ ಮಧ್ಯಭಾಗವಷ್ಟೇ ಬಳಕೆಯಾಗಿ 24 ಮೆಗಾಪಿಕ್ಸೆಲ್ ಸುಮಾರು 10ಕ್ಕೆ ಇಳಿಯುತ್ತದೆ. ಆಗ ಅದಕ್ಕೆ ಬೇರೆ ಲೆನ್ಸ್ ಕೊಳ್ಳಬೇಕು.

ಹಾಗಾಗಿ ನಿನಗೆ ಹೊಂದುವ ಬಾಡಿ ಡಿ7500. ಈಗಿರುವ ಲೆನ್ಸುಗಳೂ ಅದಕ್ಕೆ ಕೂರುತ್ತವೆ. ಅದರೊಳಗೆ ಫೋಕಸ್ ಮೋಟಾರ್ ಇರುವುದರಿಂದ ಹಳೆಯ 'ಡಿ' ಲೆನ್ಸುಗಳೂ ನಡೆಯುತ್ತವೆ. 24 ಬಿಟ್ಟು 20.9 ಮೆಗಾಪಿಕ್ಸೆಲ್‌ಗೆ ಇಳಿಯುವುದೇ ಎಂದು ಯೋಚಿಸಬೇಡ. 12x18 ಇಂಚಿನ ಪ್ರಿಂಟಿಗೆ 300 ಡಿಪಿಐನಲ್ಲಿ 19.4 ಸಾಕು. ಮದುವೆ ಕೆಲಸಕ್ಕೆ ಇಳಿಯುವ ಯೋಚನೆ ಇದ್ದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ. ಡಿ750ರಲ್ಲಿ ಎರಡು ಕಾರ್ಡಿಗೆ ಜಾಗವಿದೆ, ಡಿ7500ರಲ್ಲಿ ಒಂದೇ. ಬೇರೆಯವರ ಮನೆಯ ಧಾರೆಯ ಚಿತ್ರಗಳನ್ನು ಒಂದೇ ಕಾರ್ಡಿನ ಮೇಲೆ ನಂಬಿ ಬಿಡಬಾರದು.

ಮಿರರ್‌ಲೆಸ್ ವಿಚಾರವೂ ನಿನ್ನ ತಲೆಯಲ್ಲಿದೆ ಎಂದು ಗೊತ್ತು. 2020ರಲ್ಲಿ ಬಂದ ಡಿ780 ಮತ್ತು ಡಿ6ರ ನಂತರ ನಿಕಾನ್ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಮುಂದೆ ಬಿಡಿಭಾಗ ಸಿಗುವುದು ಕಷ್ಟವಾಗುತ್ತದೆ, ಅದು ನಿಜ. ಆದರೆ ಅದೇ ಕಾರಣಕ್ಕೆ ಎಲ್ಲರೂ ಒಳ್ಳೆಯ ಬಾಡಿಗಳನ್ನು ಮಾರುತ್ತಿದ್ದಾರೆ, ದುಡಿದು ಕೂಡಿಡುವ ಹುಡುಗರಿಗೆ ಇದು ಒಳ್ಳೆಯ ಕಾಲ. ನೀನು ಈಗ ಕೊಳ್ಳುವ ಎಎಫ್-ಎಸ್ ಲೆನ್ಸ್ ನಾಳೆ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೆ ಜೆಡ್ ಸರಣಿಯ ಮಿರರ್‌ಲೆಸ್ ಮೇಲೂ ತಾನಾಗಿ ಫೋಕಸ್ ಮಾಡುತ್ತದೆ, ಆ ದುಡ್ಡು ವ್ಯರ್ಥವಲ್ಲ. ಸದ್ದಿಲ್ಲದ ಶಟರ್ ಭಾಗವತರ ಪದದ ನಡುವೆ ಬಹಳ ಹಿತ, ನನಗೂ ಇಷ್ಟ. ಆದರೆ ಮಿಣುಕುವ ದೀಪದ ಕೆಳಗೆ ಆ ಎಲೆಕ್ಟ್ರಾನಿಕ್ ಶಟರ್ ಚಿತ್ರದ ಮೇಲೆ ಅಡ್ಡ ಪಟ್ಟೆ ಮೂಡಿಸುತ್ತದೆ. ಅಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬಿಲ್ಲಿನ ಸೀರಿಯಲ್ ನಂಬರ್ ಬಾಡಿಯದಕ್ಕೆ ತಾಳೆ ನೋಡು. ಶಟರ್ ಕೌಂಟ್ ಕೇಳು, ಫೈಲಿನಿಂದಲೇ ಅದನ್ನು ತಿಳಿಯಬಹುದು. ಎಫ್ 16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಧೂಳು, ಎಣ್ಣೆಯ ಕಲೆ ಕಾಣುತ್ತವೆ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಫಂಗಸ್ ಇದೆಯೇ ನೋಡು. ನಮ್ಮ ಕಡೆಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಜೇಡನ ಬಲೆಯಂಥ ಎಳೆಗಳು ಸಾಮಾನ್ಯ. ಅಂಥದ್ದು ಎಷ್ಟೇ ಅಗ್ಗವಾದರೂ ಬೇಡ. ಸಾಧ್ಯವಾದರೆ ಕೊಳ್ಳುವ ಮೊದಲು ಒಂದೆರಡು ರಾತ್ರಿಗೆ ಬಾಡಿಗೆಗೆ ತಂದು ನಿಮ್ಮೂರ ಆಟದಲ್ಲೇ ಪರೀಕ್ಷಿಸು. ದೊಡ್ಡ ಊರುಗಳಲ್ಲಿ ಬಾಡಿಗೆಗೆ ಸಿಗುತ್ತವೆ.

ಸಾಲ ಮಾಡಿ ಮಾತ್ರ ಕೊಳ್ಳಬೇಡ. ಕ್ಯಾಮೆರಾ ಸಂಪಾದನೆ ತರುವವರೆಗೆ ಅದರ ಕಂತು ನಿನ್ನ ಸಂಬಳವನ್ನು ತಿನ್ನುತ್ತದೆ. ಆಮೇಲೆ ಮೇಳದ ಹಿಂದೆ ಊರೂರು ತಿರುಗಲು ಬಸ್ಸಿನ ಚಾರ್ಜಿಗೇ ತತ್ವಾರ.

ಇಷ್ಟು ಒತ್ತಿ ಹೇಳಲು ಬೇರೆ ಕಾರಣವೂ ಇದೆ. ಯಕ್ಷಗಾನದ ಹಿರಿಯ ಕಲಾವಿದರಾದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಹೋದರು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ. ಅವರ ಹರೆಯದ ವೇಷಗಳನ್ನು ಫಿಲ್ಮಿನಲ್ಲಿ, 400 ಐಎಸ್‌ಒದ ರೋಲಿನಲ್ಲಿ, 36 ಫ್ರೇಮುಗಳ ಮಿತಿಯಲ್ಲಿ ಹಿಡಿಯಬೇಕಿತ್ತು. ನಿನ್ನ ಕೈಯಲ್ಲಿರುವ ಕ್ಯಾಮೆರಾ ಆ ಫಿಲ್ಮ್ ಕ್ಯಾಮೆರಾಗಳಿಗಿಂತ ಎಷ್ಟೋ ಶಕ್ತಿಯದು. ಇಂದು ವೇಷ ಕಟ್ಟುತ್ತಿರುವ ಹಿರಿಯರಲ್ಲಿ ಹಲವರ ಒಳ್ಳೆಯ ಚಿತ್ರ ಇನ್ನೂ ಯಾರ ಬಳಿಯೂ ಇಲ್ಲ. ಹೊಸ ಬಾಡಿಗೆ ದುಡ್ಡು ಕೂಡಲಿ ಎಂದು ಈ ತಿರುಗಾಟವನ್ನು ಬಿಟ್ಟುಕೊಡಬೇಡ. 85ರ ಲೆನ್ಸ್ ಹಾಕಿಕೊಂಡು ಹೋಗು, ಕಲಾವಿದರನ್ನು ಕೇಳಿ ಚೌಕಿಗೆ ಹೋಗು, ತೆಗೆದದ್ದರಲ್ಲಿ ಒಂದು ಪ್ರತಿ ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡು. ಮಳೆ ಹಿಡಿದು ಮೇಳ ನಿಂತ ಮೇಲೆ ಹಾರ್ಡ್ ಡಿಸ್ಕ್ ಹಿಡಿದು ನಮ್ಮನೆಗೆ ಬಾ. ಬಣ್ಣ ಕೆಟ್ಟ ಫ್ರೇಮುಗಳು ಎಷ್ಟಿವೆ ಎಂದು ಇಬ್ಬರೂ ಕೂತು ನೋಡಿ ಡಿ7500ರ ತೀರ್ಮಾನ ಮಾಡೋಣ.