ಗಾಳಿ ಏಳುವ ಮುಂಚೆ ಮಾಡಬೇಕಾದ ಫೋನು

ಮಗೂ,

ಮೇ ತಿಂಗಳು ನಡು ದಾಟಿತೆಂದರೆ ನಮ್ಮ ಕರಾವಳಿಯವರ ಒಂದು ಕಿವಿ ಹವಾಮಾನದ ಸುದ್ದಿಯ ಕಡೆಗೇ ಇರುತ್ತದೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಹುಟ್ಟುವುದು ಹೆಚ್ಚಾಗಿ ಮುಂಗಾರು ಹಿಡಿಯುವ ಮುಂಚಿನ ಮೇ, ಜೂನ್‌ನಲ್ಲಿ. ಇಲ್ಲವೇ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನ ತನಕ. ನೀನು ಕೆಲಸ ಸಿಕ್ಕಿ ಮುಂಬೈಯ ಮಾಟುಂಗಕ್ಕೆ ಬಂದಿದ್ದೀಯ. ಅಪ್ಪ, ಅಮ್ಮ ಮರವಂತೆಯ ಕಡಲ ಬದಿಯಲ್ಲೇ ಇದ್ದಾರೆ. "ಅಲ್ಲಿ ಗಾಳಿ ಎದ್ದರೆ ಇಲ್ಲಿ ಕೂತು ನಾನು ಎಂತ ಮಾಡುವುದು ಅಜ್ಜಿ?" ಎಂದು ಕೇಳಿದೆಯಲ್ಲ, ಅದು ನಿನ್ನೊಬ್ಬಳ ಪ್ರಶ್ನೆಯಲ್ಲ. 1926ರಲ್ಲಿ ಇಲ್ಲಿ ಮೈಸೂರು ಅಸೋಸಿಯೇಷನ್ ಶುರುವಾದ ಕಾಲದಿಂದಲೂ ಮಾಟುಂಗಕ್ಕೆ ಬಂದ ಕನ್ನಡದವರು ಮನಸ್ಸಿನ ಅರ್ಧವನ್ನು ಊರಿನಲ್ಲೇ ಬಿಟ್ಟು ಬಂದವರು. ಹೊಟೇಲಿನಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆಗೆ ಹೋದ ಹುಡುಗರೂ ಆಷಾಢದ ರಾತ್ರಿ ಊರಿನ ಮನೆಯ ಮಾಡನ್ನು ನೆನೆದೇ ಮಲಗುತ್ತಿದ್ದರು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನಾನು ಮರೆಯುವುದಿಲ್ಲ. ಅದು ಬಂದ ದಾರಿಯೇ ಹಾಗಿತ್ತು. 15ರ ಶನಿವಾರ, ಮರುದಿನ ಭಾನುವಾರ ನಮ್ಮ ಕರಾವಳಿಯ ಎದುರು ಹಾದು, ಸೋಮವಾರ 17ರಂದು ಮುಂಬೈಯ ಪಕ್ಕದಲ್ಲಿ ನುಗ್ಗಿ, ಆ ರಾತ್ರಿ ದಿಯು, ಗುಜರಾತಿನ ಊನಾ ಕಡೆ ನೆಲಕ್ಕೆ ಬಿತ್ತು. ಕುಂದಾಪುರ ಕಡೆಯ ನಾಡದಲ್ಲಿ ಒಂದೇ ದಿನ 385 ಮಿಲಿಮೀಟರ್ ಮಳೆ. ಉಳ್ಳಾಲ, ಸೋಮೇಶ್ವರ, ಪಡುಬಿದ್ರಿ, ಮರವಂತೆ, ಎಲ್ಲ ಕಡೆ ಕಡಲ್ಕೊರೆತ. ಮರವಂತೆಯ ಹೆದ್ದಾರಿ ನಿನಗೆ ಗೊತ್ತಲ್ಲ, ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ. ಟಿವಿಯಲ್ಲಿ ಆ ಅಲೆ ನೋಡಿ ನನ್ನ ಕೈಕಾಲು ತಣ್ಣಗಾಗಿತ್ತು. ಊರಿನಲ್ಲಿರುವ ತಂಗಿಗೆ ಫೋನು ಮಾಡಿದರೆ ಅವಳು, "ಎಂತದೂ ಇಲ್ಲೆ ಅಕ್ಕ, ಬರೀ ಗಾಳಿ" ಎಂದಳು. ಎರಡು ದಿನ ಕಳೆದು ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿಲೋಮೀಟರ್ ಮುಟ್ಟಿ, ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 230 ಮಿಲಿಮೀಟರ್ ಸುರಿದು, ನಮ್ಮ ಬೀದಿಯ ಮರಗಳು ಬೇರು ಕಿತ್ತು ಬಿದ್ದಾಗ ಅವಳೇ ಫೋನು ಮಾಡಿದಳು. ನಾನೂ ಅದನ್ನೇ ಹೇಳಿದೆ: ಇಲ್ಲಿ ಏನಿಲ್ಲ, ಬರೀ ಮಳೆ.

ಪ್ರೀತಿ ಇರುವವರು ಹೀಗೇ ಮಾತಾಡುವುದು. ನಿನ್ನ ಅಮ್ಮನೂ ಹೀಗೇ ಹೇಳುತ್ತಾಳೆ, "ಇಲ್ಲಿ ಏನಿಲ್ಲ, ನೀನು ಊಟ ಮಾಡಿದ್ಯಾ?" ಎನ್ನುತ್ತಾಳೆ. ಹಾಗಾಗಿ "ಹೇಗಿದ್ದೀರಿ" ಎಂದು ಕೇಳಬೇಡ. ಆ ಪ್ರಶ್ನೆಗೆ ಯಾವತ್ತೂ ನಿಜವಾದ ಉತ್ತರ ಬರುವುದಿಲ್ಲ. ನೇರ ಉತ್ತರ ಕೊಡಲೇಬೇಕಾದಂಥ ಸಣ್ಣ ಪ್ರಶ್ನೆ ಕೇಳು. ಅಪ್ಪನ ಬಿಪಿ ಮಾತ್ರೆ ಎಷ್ಟು ದಿನಕ್ಕಿದೆ? ಫೋನು, ಟಾರ್ಚು ಚಾರ್ಜ್ ಆಗಿದೆಯಾ? ಕುಡಿಯುವ ನೀರು ತುಂಬಿಸಿಟ್ಟಿರಾ? ಮನೆಯ ಮೇಲೆ ವಾಲಿರುವ ತೆಂಗಿನ ಮರದ ಕಾಯಿ ಇಳಿಸಿ ಆಯಿತಾ? ರೇಷನ್ ಕಾರ್ಡು, ಆಧಾರು, ಜಾಗದ ಕಾಗದ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿರಾ? ನೀರು ಬಂದರೆ ಯಾರ ಮನೆಗೆ ಹೋಗುವುದು, ಕರೆದುಕೊಂಡು ಹೋಗುವವರು ಯಾರು? ಕೊನೆಯದಕ್ಕೆ ಅಮ್ಮ ತಡವರಿಸಿದರೆ ಅಲ್ಲೇ ನಿನ್ನ ಕೆಲಸ ಇದೆ ಎಂದು ತಿಳಿ. ಹೆದ್ದಾರಿಯಿಂದ ಒಳಗೆ, ಎತ್ತರದಲ್ಲಿ ಮನೆ ಇರುವ ನೆಂಟರಿಗೆ ನೀನೇ ಫೋನು ಮಾಡಿ ಕೇಳು. ನಮ್ಮ ಹಿರಿಯರು ತಾವಾಗಿ ಇನ್ನೊಬ್ಬರ ಮನೆಗೆ ಹೋಗಿ ಮಲಗುವುದಿಲ್ಲ. "ಮಾವ ಕರೀತಿದ್ದಾರೆ, ಎರಡು ದಿನ ಹೋಗಿ ಬನ್ನಿ" ಎಂದರೆ ಹೋಗುತ್ತಾರೆ.

ಇದನ್ನೆಲ್ಲ ಗಾಳಿ ಬೀಸುವಾಗ ಕೇಳಿ ಪ್ರಯೋಜನವಿಲ್ಲ. ಹವಾಮಾನ ಇಲಾಖೆ ಚಂಡಮಾರುತದ ಸೂಚನೆಯನ್ನು ಹಂತ ಹಂತವಾಗಿ ಕೊಡುತ್ತದೆ. ಮೊದಲ ಮುನ್ಸೂಚನೆ 72 ಗಂಟೆ ಮುಂಚೆ, ಆಮೇಲೆ 48 ಗಂಟೆಗೆ ಒಂದು, 24 ಗಂಟೆಗೆ ಇನ್ನೊಂದು. ಬಹಳ ಜನ ಎಚ್ಚರವಾಗುವುದು ಕೊನೆಯದಕ್ಕೆ, ಟಿವಿಯಲ್ಲಿ ಕೆಂಪು ಬಣ್ಣ ಬಂದ ಮೇಲೆ. ನೀನು ಮೊದಲ ಸೂಚನೆಗೇ ಫೋನು ಎತ್ತು. ಮೂರು ದಿನ ಅಂದರೆ ಔಷಧಿ ಅಂಗಡಿಗೆ ಹೋಗಿ ಬರಬಹುದು, ದೋಣಿಯನ್ನು ಮೇಲಕ್ಕೆ ಎಳೆಯಬಹುದು, ಹಂಚು ಸರಿಮಾಡುವವನನ್ನು ಕರೆಯಬಹುದು. ಚಂಡಮಾರುತ ದಿಕ್ಕು ಬದಲಿಸಿ ಓಮಾನಿಗೆ ಹೋದರೆ ಹೋಗಲಿ, ಮಾತ್ರೆ ಮುಂದಿನ ತಿಂಗಳಿಗೆ ಬರುತ್ತದೆ. ಮಗಳು ಸುಮ್ಮನೆ ಗಾಬರಿಪಟ್ಟಳು ಎಂದು ಊರವರು ನಕ್ಕರೂ ಚಿಂತೆಯಿಲ್ಲ.

ಇನ್ನೊಂದು ವಿಷಯ, ಫೋನು ಸತ್ತಾಗಿನದು. ಇದು ನಿಮ್ಮ ಕಾಲದ ಸಂಕಟ. ನಾವು ಹೊಸದಾಗಿ ಇಲ್ಲಿಗೆ ಬಂದಾಗ ಊರಿನ ಸುದ್ದಿ ಕಾಗದದಲ್ಲಿ ಬರುತ್ತಿತ್ತು, ತುರ್ತಾದರೆ ಟ್ರಂಕ್ ಕಾಲು. ಗಾಳಿ ಬಂದು ಹೋದ ಸುದ್ದಿ ಎಲ್ಲ ಮುಗಿದ ಮೇಲೆ ತಲುಪುತ್ತಿತ್ತು. ನಿಮಗೆ ಹತ್ತು ನಿಮಿಷ ಉತ್ತರ ಬರದಿದ್ದರೆ ಎದೆ ಡವಗುಟ್ಟುತ್ತದೆ. ಗಾಳಿಗೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆ ಮೊಬೈಲ್ ಟವರು. ಹಾಗಾಗಿ ಫೋನು ಸಿಗುತ್ತಿಲ್ಲ ಎಂದರೆ ಹೆಚ್ಚಿನ ಸಲ ಕರೆಂಟು ಇಲ್ಲ ಎಂದಷ್ಟೇ ಅರ್ಥ. ಮುಂಚೆಯೇ ಮಾತಾಡಿಕೊಳ್ಳಿ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ಆ ಹೊತ್ತಿಗೆ ಮಾತ್ರ ಫೋನು ಆನ್ ಮಾಡುವುದು. ಊರಿನಿಂದ ಒಬ್ಬರೇ ಮಾತಾಡುವುದು, ಇಲ್ಲಿ ಒಬ್ಬಳೇ ಕೇಳಿಕೊಂಡು ಪುಣೆ, ಬೆಂಗಳೂರು, ದುಬೈ, ಎಲ್ಲ ಮಕ್ಕಳಿಗೂ ತಿಳಿಸುವುದು. ಐದು ಮಕ್ಕಳು ಐದು ಕಡೆಯಿಂದ ಫೋನು ಮಾಡಿ ಅಮ್ಮನ ಬ್ಯಾಟರಿ ಮುಗಿಸಿದ ಮನೆಗಳನ್ನು ನಾನು ಬಲ್ಲೆ. ವಾಟ್ಸಾಪಿನಲ್ಲಿ ಬರುವ ಅಲೆಯ ವಿಡಿಯೋ ಯಾವ ವರ್ಷದ್ದೋ, ಯಾವ ದೇಶದ್ದೋ. ಗೊತ್ತಿಲ್ಲದೆ ಅದನ್ನು ಮುಂದೆ ಕಳಿಸಬೇಡ, ನಿನ್ನ ಹಾಗೆ ನಿದ್ದೆಗೆಟ್ಟು ಕೂತ ಇನ್ನೊಬ್ಬಳ ಎದೆ ಒಡೆಯುತ್ತದೆ.

ಅಮ್ಮನಿಗೂ ಇಲ್ಲಿನ ವಿಷಯ ಸರಿಯಾಗಿ ತಿಳಿಸು. "ಮುಂಬೈ ಮುಳುಗಿತು" ಎಂದು ಟಿವಿ ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಇದೇ ಊರಿನ ಕೊಲಾಬಾದಲ್ಲಿ 75 ಮಿಲಿಮೀಟರ್ ಕೂಡ ಇರಲಿಲ್ಲ. ನಮ್ಮ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ತಟ್ಟೆಯ ಹಾಗೆ ತಗ್ಗಿನಲ್ಲಿವೆ. ಕಡಲಿನ ಭರತ ನಾಲ್ಕೂವರೆ ಮೀಟರ್ ದಾಟಿದ ಹೊತ್ತಿಗೇ ದೊಡ್ಡ ಮಳೆ ಬಂದರೆ ಚರಂಡಿಯ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ, ಭರತ ಇಳಿಯುವವರೆಗೆ ನಿಂತೇ ಇರುತ್ತದೆ. ಯಾವ ದಿನ ಎಷ್ಟು ಗಂಟೆಗೆ ದೊಡ್ಡ ಭರತ ಎಂದು ಮಹಾನಗರಪಾಲಿಕೆ ಪ್ರತಿ ಮಳೆಗಾಲದ ಮುಂಚೆ ಪಟ್ಟಿ ಹೊರಡಿಸುತ್ತದೆ. ಅದನ್ನು ನೋಡಿಟ್ಟುಕೋ. ನಿಂತ ನೀರಿನಲ್ಲಿ ನಡೆಯಬೇಡ, ಕೆಳಗೆ ಮ್ಯಾನ್‌ಹೋಲ್ ತೆರೆದಿರಬಹುದು. ಸಮುದ್ರ ನೋಡಲು ಹೋಗಲೇಬೇಡ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ದೂರದ ಕಡಲಿನಲ್ಲಿ ಗುಜರಾತಿನ ಕಡೆ ಹೋಗುತ್ತಿದ್ದಾಗ ಜುಹುವಿನಲ್ಲಿ ನೀರಿಗಿಳಿದ ಹುಡುಗರು ಮರಳಿ ಬರಲಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

ತೌಕ್ತೆ ಬಂದಾಗ ಮೀನುಗಾರಿಕೆಯ ರಜೆ ಇನ್ನೂ ಶುರುವಾಗಿರಲಿಲ್ಲ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದು ನಿಲ್ಲುವುದು ಜೂನ್ 1ಕ್ಕೆ. ಋತುವಿನ ಕೊನೆಯ ಹದಿನೈದು ದಿನ, ಸಾಲ ತೀರಿಸಲು ಇನ್ನೊಂದೆರಡು ಸಲ ಹೋಗಿಬರೋಣ ಎನ್ನುವ ಕಾಲ. ಮುಂಬೈಯ ಮೊಗವೀರ ಮನೆಗಳಲ್ಲಿ ಆ ಶನಿವಾರ ಎಲ್ಲರ ಬಾಯಲ್ಲೂ ಒಂದೇ ಮಾತು, ಮಲ್ಪೆಯ ಬೋಟುಗಳೆಲ್ಲ ಬಂದವಾ, ಗಂಗೊಳ್ಳಿಯವು? ಮೂಲ್ಕಿಯ ಎದುರು ಬಂಡೆಗೆ ಸಿಕ್ಕಿಕೊಂಡ ಟಗ್ಗಿನಲ್ಲಿ ಒಂಬತ್ತು ಮಂದಿ ಇದ್ದರು. ಸೋಮವಾರ ನೌಕಾಪಡೆಯ ಹೆಲಿಕಾಪ್ಟರು, ಕರಾವಳಿ ರಕ್ಷಣಾ ಪಡೆ ಸೇರಿ ಅಷ್ಟೂ ಜನರನ್ನು ಉಳಿಸಿದರು. ಅದೇ ಸೋಮವಾರ ಮುಂಬೈಯ ಆಚೆ, ತೈಲ ತೆಗೆಯುವ ಜಾಗದಲ್ಲಿ, ಪಿ-305 ಎಂಬ ಬಾರ್ಜ್ ಲಂಗರು ಕಳಚಿ ತೇಲಿ ಮುಳುಗಿತು. ಅದರಲ್ಲಿ 261 ಮಂದಿ. ನೌಕಾಪಡೆಯವರು ಆ ಅಲೆಗಳ ನಡುವೆ 186 ಜನರನ್ನು ಎತ್ತಿ ತಂದರು. ಉಳಿದವರ ಮನೆಯವರು ಜೆ.ಜೆ. ಆಸ್ಪತ್ರೆಯ ಹೊರಗೆ ಕಾದು ಕೂತರು. ಎಷ್ಟೋ ದೇಹಗಳ ಗುರುತು ಡಿಎನ್‌ಎ ಪರೀಕ್ಷೆಯಿಂದ ಹಿಡಿಯಬೇಕಾಯಿತು.

ಎಚ್ಚರಿಕೆ ದಿನಗಳ ಮುಂಚೆಯೇ ಬಂದಿತ್ತು, ಮಗೂ. ಆ ಬಾರ್ಜಿನ ಮೇಲೆ ವೆಲ್ಡಿಂಗ್ ಮಾಡುವವನಿಗೆ, ಅಡುಗೆಯವನಿಗೆ ಅದು ಗೊತ್ತಿದ್ದರೂ ಬಂದರಿಗೆ ಮರಳೋಣ ಎಂದು ತೀರ್ಮಾನಿಸುವ ಹಕ್ಕು ಅವನ ಕೈಯಲ್ಲಿರಲಿಲ್ಲ. ಗಾಳಿ ಎಲ್ಲರ ಮೇಲೂ ಬೀಸುತ್ತದೆ, ಆದರೆ "ಈವತ್ತು ನಾನು ಬರುವುದಿಲ್ಲ" ಎಂದು ಹೇಳಲಾಗದವನೇ ಅದಕ್ಕೆ ಮೊದಲು ಸಿಗುತ್ತಾನೆ. ನಿನ್ನ ಅಪ್ಪ, ಅಮ್ಮನಿಗೆ ಫೋನು ಮಾಡಲು ನೀನಿದ್ದೀಯ. ಈ ಜನಕ್ಕಾಗಿ ಯಾರು ಫೋನು ಮಾಡುತ್ತಾರೆ ಎಂದು ಕೇಳಿಕೋ.

ನಿನ್ನ ಸುತ್ತ ನೋಡು. ನಿನ್ನ ರೂಮಿನ ಪಾತ್ರೆ ತೊಳೆಯುವ ಹೆಂಗಸು ಲೇಬರ್ ಕ್ಯಾಂಪಿನಿಂದಲೋ ಧಾರಾವಿಯಿಂದಲೋ ನಡೆದು ಬರುತ್ತಾಳೆ. ಅಲ್ಲಿ ಕಲಬುರಗಿ ಕಡೆಯಿಂದ ಬಂದ ನಮ್ಮ ಕನ್ನಡದವರೇ ಎಷ್ಟೋ ಮಂದಿ ಇದ್ದಾರೆ, ಗಾರೆ ಕೆಲಸ, ಕಸದ ಕೆಲಸ. ತಗಡಿನ ಮಾಡು, ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಕಲ್ಲು. ಊರಿನಲ್ಲಿ ಕಡಲು ಕಾಣದ ಜನ ಅವರು, ಚಂಡಮಾರುತ ಎಂದರೆ ಏನೆಂದು ಅವರಿಗೆ ಹೇಳಿದವರಿಲ್ಲ. ಸೂಚನೆ ಮರಾಠಿಯಲ್ಲಿ, ಹಿಂದಿಯಲ್ಲಿ ಬರುತ್ತದೆ. ನೀನು ಕನ್ನಡದಲ್ಲಿ ಹೇಳು. ಪಾಲಿಕೆಯ ಯಾವ ಶಾಲೆಯನ್ನು ಆಸರೆಗೆ ತೆರೆದಿದ್ದಾರೆ ಎಂದು ವಾರ್ಡ್ ಆಫೀಸಿಗೆ, ಇಲ್ಲವೇ ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನು ಮಾಡಿ ತಿಳಿದುಕೊಂಡು ಹೇಳು. ಗಾಳಿ ಬರುವ ಹಿಂದಿನ ಸಂಜೆಯೇ ಕೆಲಸದವಳಿಗೆ "ನಾಳೆ ಬರಬೇಡಿ, ಸಂಬಳ ಹಿಡಿಯುವುದಿಲ್ಲ" ಎಂದು ಬಾಯಿಬಿಟ್ಟು ಹೇಳು. ಎರಡನೆಯ ಮಾತು ಹೇಳದಿದ್ದರೆ ಮೊದಲನೆಯದನ್ನು ಅವಳು ನಂಬುವುದಿಲ್ಲ, ಸೊಂಟದ ಮಟ್ಟ ನೀರಿನಲ್ಲಿ ಬರುತ್ತಾಳೆ. ರೆಡ್ ಅಲರ್ಟಿನ ದಿನ ಬಿರಿಯಾನಿ ತರಿಸಬೇಡ, ಅಷ್ಟು ಹೊತ್ತು ಮ್ಯಾಗಿ ತಿಂದರೆ ಏನೂ ಆಗುವುದಿಲ್ಲ. ಬೈಕಿನಲ್ಲಿ ಬರುವ ಹುಡುಗನಿಗೂ ಯಾವುದೋ ಊರಿನಲ್ಲಿ ಅಮ್ಮ ಇದ್ದಾಳೆ, ಅವಳೂ ಟಿವಿ ಮುಂದೆ ಕೂತಿರುತ್ತಾಳೆ. ಕಟ್ಟಡದ ಕಾವಲಿನವನು ರಾತ್ರಿ ಮರದಡಿಯ ಗೂಡಿನಲ್ಲಿ ಕೂರದೆ ಒಳಗಿನ ಮೆಟ್ಟಿಲ ಬಳಿ ಕೂರಲಿ ಎಂದು ಸೊಸೈಟಿಯವರಿಗೆ ಹೇಳು. ಬಾಡಿಗೆಯವಳು, ಚಿಕ್ಕವಳು ಎಂದು ಹಿಂಜರಿಯಬೇಡ. ನಿನಗೆ ಹೇಳಲು ಆಗದಿದ್ದರೆ ನನ್ನನ್ನು ಕರೆ, ನಾನು ಬಂದು ಹೇಳುತ್ತೇನೆ.

ಸಮಯಕ್ಕೆ ಮುಂಚೆ ಕೆಲಸ ಮಾಡಿದರೆ ಎಂಥದ್ದು ಸಾಧ್ಯ ಎಂದು ಅದೇ ತೌಕ್ತೆಯಲ್ಲಿ ನೋಡಿದ್ದೇವೆ. ಕೋವಿಡ್‌ನ ಎರಡನೇ ಅಲೆಯ ಕಾಲ ಅದು. ಬಾಂದ್ರಾ-ಕುರ್ಲಾ, ಮುಲುಂಡ್, ದಹಿಸರ್‌ನ ತಾತ್ಕಾಲಿಕ ಆಸ್ಪತ್ರೆಗಳು ಅಂಥ ಗಾಳಿಗೆ ನಿಲ್ಲುವಂಥವಲ್ಲ ಎಂದು 580 ರೋಗಿಗಳನ್ನು ಗಾಳಿ ಮುಟ್ಟುವ ಮುಂಚೆಯೇ ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು. ಉಸಿರಾಡಲು ಕಷ್ಟಪಡುತ್ತಿದ್ದವರನ್ನು ಒಬ್ಬೊಬ್ಬರಾಗಿ ಆಂಬುಲೆನ್ಸಿಗೆ ಹತ್ತಿಸಿ ಇಳಿಸಿದ ನರ್ಸುಗಳು, ವಾರ್ಡ್ ಬಾಯ್‌ಗಳು ಎಷ್ಟು ಹೊತ್ತು ನಿದ್ದೆಗೆಟ್ಟರೋ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ನನಗೆ ಅವರ ಮೇಲೆ ಇರುವ ಗೌರವ ದೊಡ್ಡದು.

ಗಾಳಿ ಹೋದ ಮೇಲಿನ ಮಾತು ಇನ್ನೂ ಸ್ವಲ್ಪ ಇದೆ. ಮರುದಿನ ಎಲ್ಲರೂ ಫೋನು ಮಾಡುತ್ತಾರೆ, ವಾರ ಕಳೆದರೆ ಯಾರೂ ಮಾಡುವುದಿಲ್ಲ. ಬಲೆ ಹೋದವನಿಗೆ, ತೋಟ ಮಲಗಿದವನಿಗೆ ನಿಜವಾದ ಕಷ್ಟ ಆಗ ಶುರು. ಊರಿಗೆ ಹಳೇ ಬಟ್ಟೆ ಕಟ್ಟಿ ಕಳಿಸಬೇಡ, ಏನು ಬೇಕೆಂದು ಕೇಳಿ ದುಡ್ಡು ಕಳಿಸು. ಕಂದಾಯ ಇಲಾಖೆಯವರು ಬಂದು ನಷ್ಟ ನೋಡಿ ಬರೆದುಕೊಂಡರೆ ಮಾತ್ರ ಪರಿಹಾರ ಸಿಗುವುದು. ನಮ್ಮವರು ಅಂಗಳ ಕೊಳಕಾಗಿದೆ ಎಂದು ಅಷ್ಟರೊಳಗೆ ಎಲ್ಲ ಗುಡಿಸಿ ಚೊಕ್ಕ ಮಾಡಿಬಿಡುತ್ತಾರೆ. ಒಡೆದ ಹಂಚು, ಬಿದ್ದ ಮರ, ಕುಸಿದ ಗೋಡೆ, ಒಂದನ್ನೂ ತೆಗೆಯುವ ಮುಂಚೆ ಫೋಟೋ ತೆಗೆದು ನಿನಗೆ ಕಳಿಸಲಿ. ಅರ್ಜಿಯನ್ನು ನೀನು ಇಲ್ಲಿಂದಲೇ ಬರೆದು ಕೊಡು. ಹಾಗೆಯೇ ಪಕ್ಕದ ಮನೆಯ ಒಂಟಿ ಹೆಂಗಸಿನದ್ದನ್ನೂ ಬರೆದು ಕೊಡು. ಅವಳ ಮನೆಯ ಗೋಡೆ ಮಣ್ಣಿನದು, ಅವಳಿಗೆ ಮಕ್ಕಳಿಲ್ಲ.